ತೆಗೆದ ಮೂಳೆ ಎಲ್ಲಿಗೆ ಹೋಯಿತು?

ನಮ್ಮ ಸಂಚಿಕೆಗೆ ಕಳಿಸಿದ ನಿಮ್ಮ ಲೇಖನ ತಲುಪಿತು. ಮಧುಗಿರಿಯ ಅಕ್ಕನ ಮನೆ, ಆರು ವರ್ಷದ ಪುಟ್ಟಿಯ ಬೆನ್ನಿನ ಗಡ್ಡೆ, ಬೆಂಗಳೂರಿನಲ್ಲಿ ಆಪರೇಷನ್. ಬರವಣಿಗೆ ಸರಾಗವಾಗಿದೆ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಕಾದದ್ದು ಚೆನ್ನಾಗಿದೆ. ಆದರೆ ಎರಡನೇ ಪುಟಕ್ಕೆ ಬಂದಾಗ ಸಿಟ್ಟು ಬಂತು.

‘ಡಾಕ್ಟರು ಬೆನ್ನುಹುರಿ ಬಿಚ್ಚಿ, ಮೂಳೆ ತೆಗೆದುಹಾಕಿ, ಗಡ್ಡೆ ಕಿತ್ತರು.’

ಬೆನ್ನುಹುರಿ ಬೇರೆ, ಬೆನ್ನುಮೂಳೆ ಬೇರೆ. ಹುರಿ ಅಂದರೆ ಮಿದುಳಿನಿಂದ ಇಳಿದು ಬರುವ ನರದ ಹಗ್ಗ. ಮೂಳೆ ಅದರ ಕಾವಲು. ಗಡ್ಡೆ ಹುರಿಯ ಹೊರಗಿತ್ತು, ಅದನ್ನು ಒತ್ತುತ್ತಿತ್ತು ಅಂತ ನೀವೇ ಬರೆದಿದ್ದೀರಿ. ಮತ್ತೆ ಹುರಿ ಬಿಚ್ಚಿದ್ದು ಯಾರು?

ಅದಕ್ಕಿಂತ ‘ತೆಗೆದುಹಾಕಿ’ ಜಾಸ್ತಿ ಚುಚ್ಚಿತು. ತೆಗೆದು ಎಲ್ಲಿ ಹಾಕಿದರು? ಕಸದ ಬುಟ್ಟಿಗಾ? ಆಪರೇಷನ್ ಹೆಸರು ಲ್ಯಾಮಿನೋಪ್ಲಾಸ್ಟಿ ಅಂತ ನೀವೇ ಕೊನೆಯಲ್ಲಿ ಹೇಳಿದ್ದೀರಿ, ಅಲ್ವಾ? ನಮ್ಮ ಬೀದಿಯ ಮೂಳೆ ಡಾಕ್ಟರನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ. ಹುರಿಯ ಹಿಂದೆ ಮೂಳೆಯದ್ದೇ ಒಂದು ಚಾವಣಿ ಇರುತ್ತದೆ. ಅದನ್ನು ಎರಡೂ ಕಡೆ ಸಣ್ಣಗೆ ಕೊಯ್ದು ಎತ್ತುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನೇ ವಾಪಸ್ ಕೂರಿಸಿ, ಸಣ್ಣ ಪ್ಲೇಟಿನಿಂದಲೋ ಹೊಲಿಗೆಯಿಂದಲೋ ಕಟ್ಟುತ್ತಾರೆ. ಪಕ್ಕದ ಕೀಲು ಕೆಡದಂತೆ ನೋಡಿಕೊಳ್ಳುತ್ತಾರೆ. ಮೂಳೆಗೆ ಮೂಳೆ ಕಟ್ಟಿ ಹಿಡಿಯುವ ಪಟ್ಟಿ, ಅಂದರೆ ಲಿಗಮೆಂಟನ್ನು ಆದಷ್ಟು ಉಳಿಸುತ್ತಾರೆ. ಯಾಕೆಂದರೆ ಪುಟ್ಟಿ ಇನ್ನೂ ಹತ್ತು ವರ್ಷ ಬೆಳೆಯಬೇಕು. ಹಿಂದಿನ ಹಿಡಿತ ತಪ್ಪಿದರೆ ಬೆಳೆಯುತ್ತಾ ಬೆನ್ನು ಮುಂದಕ್ಕೆ ಬಾಗಬಹುದು. ಕುತ್ತಿಗೆಯಲ್ಲಿ, ಎದೆಯ ಮೇಲ್ಭಾಗದಲ್ಲಿ ಆ ಭಯ ಜಾಸ್ತಿ. ವಾಪಸ್ ಕೂರಿಸಿದರೂ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಅವಳನ್ನು ಇನ್ನೂ ಎಕ್ಸ್‌ರೇಗೆ ಕರೆಸುತ್ತಿರುವುದು. ನೀವು ಅದನ್ನು ಸುಮ್ನೆ ‘ತಪಾಸಣೆ’ ಅಂದುಬಿಟ್ಟಿದ್ದೀರಿ.

‘ಕಿತ್ತರು’ ಬಗ್ಗೆ ಏನೂ ಹೇಳುವುದಿಲ್ಲ. ಕೀಳುವುದು ಪಾವಗಡದ ಕಡಲೆಕಾಯಿ ಗಿಡವನ್ನು.

ನಾನು ಕೆಲಸ ಕಲಿತದ್ದು ಚಿಕ್ಕಪೇಟೆಯ ಒಂದು ಅಚ್ಚುಕೂಟದಲ್ಲಿ. ಒಂದೊಂದು ಅಕ್ಷರಕ್ಕೂ ಒಂದೊಂದು ಸೀಸದ ಮೊಳೆ ಜೋಡಿಸುವ ಕಾಲ. ಒಂದು ತಪ್ಪಕ್ಷರ ಎತ್ತಲು ಹೋಗಿ ಚಿಮಟ ಜಾರಿತು, ಇಡೀ ಪುಟ ನೆಲಕ್ಕೆ ಚೆಲ್ಲಿತು. ಯಜಮಾನರು ಬೈಯಲಿಲ್ಲ. ಒಂದೊಂದು ಮೊಳೆಯನ್ನೂ ಅದರದ್ದೇ ಮನೆಗೆ ಹಾಕಿಸಿದರು. ರಾತ್ರಿ ಒಂಬತ್ತಾಯಿತು, ಗುಬ್ಬಿ ಕಡೆಯ ಕೊನೇ ಬಸ್ಸು ಹೋಗಿತ್ತು. ಅದೇ ವಾರ ‘ಮೂಳೆ ಮುರಿತ’ ಎನ್ನುವುದು ‘ಮೊಳೆ ಮುರಿತ’ ಅಂತ ಅಚ್ಚಾಯಿತು. ಅದೂ ನನ್ನದೇ ಕೈಚಳಕ.

ಆಪರೇಷನ್ನಿನ ಆ ಸಾಲನ್ನು ಬಿಡಿಸಿ ಬರೆದು ಒಂದು ಪುಟ ಮಾಡಿ. 20ನೇ ತಾರೀಕಿನೊಳಗೆ ಬಂದರೆ ಮುಂದಿನ ಸಂಚಿಕೆಗೆ ಹಾಕುತ್ತೇನೆ. ಬಸ್ ಸ್ಟ್ಯಾಂಡಿನ ಭಾಗ ಮುಟ್ಟಬೇಡಿ.