ಒಬ್ಬರ ಹಂಡೆ, ಇಪ್ಪತ್ತು ಜನರ ಟ್ಯಾಂಕು

ದೊಡ್ಡಬಳ್ಳಾಪುರದ ಓದುಗರೊಬ್ಬರು ಬರೆದ ಪತ್ರ ಹೀಗಿದೆ:

"ಕಳೆದ ಸಂಚಿಕೆಯಲ್ಲಿ ಪರಿಸರ ಕೆಡಿಸದ ಬಟ್ಟೆ ಕೊಳ್ಳಿ ಎಂದು ಬರೆದಿದ್ದೀರಿ. ನಾನು ಮಗ್ಗದವರಿಗೆ ನೂಲಿಗೆ ಬಣ್ಣ ಹಾಕಿಕೊಡುವವನು. ಅರ್ಧ ರೇಷ್ಮೆ, ಅರ್ಧ ಹತ್ತಿ. ಎಂಟು ಹಂಡೆ, ಒಂದು ಬಾಯ್ಲರ್, ಆರು ಜನ ಕೆಲಸದವರು. ಈ ವರ್ಷ ಬೆಂಗಳೂರಿನಲ್ಲಿ ಒಂದು ಸಭೆಗೆ ಕರೆದಿದ್ದರು. ಎಲ್ಲರೂ ಕೂಡಿ ಹೊಸ ದಾರಿ ಹುಡುಕೋಣ ಅಂದರು. ವಾಪಸ್ ಬಂದರೆ ಅದೇ ಹಂಡೆ, ಅದೇ ಚರಂಡಿ. ಕೂಡಿ ಅಂದರೆ ಯಾರ ಜೊತೆ ಕೂಡಬೇಕು? ದುಡ್ಡು ಯಾರು ಹಾಕಬೇಕು? ನನ್ನ ಮಗನಿಗೆ ಈ ಕೆಲಸ ಕಲಿಸಲೋ ಬೇಡವೋ? ಶೇಡ್ ಸರಿಯಿಲ್ಲ ಎಂದು ತಿಂಗಳಿಗೆ ಐದಾರು ಲಾಟ್ ವಾಪಸ್ ಬರುತ್ತದೆ. ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲು ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಲೇಖನ ಸಿದ್ಧಪಡಿಸುವಾಗ ನಾವು ಅಂಗಡಿಯವರನ್ನು ಕೇಳಿದೆವು, ಕೊಳ್ಳುವವರನ್ನು ಕೇಳಿದೆವು. ಬಣ್ಣ ಹಾಕುವ ಒಬ್ಬರನ್ನೂ ಕೇಳಲಿಲ್ಲ. ಬಟ್ಟೆಯಿಂದ ನೀರಿಗೆ ಆಗುವ ಕೇಡಿನಲ್ಲಿ ದೊಡ್ಡ ಪಾಲು ಬಣ್ಣ ಹಾಕುವ ಶೆಡ್ಡುಗಳಲ್ಲಿ ಆಗುತ್ತದೆ. ಅದು ಸರಿಹೋಗಬೇಕಾದದ್ದೂ ಅಲ್ಲೇ. ನಿಮ್ಮನ್ನು ಬಿಟ್ಟು ಬರೆದದ್ದು ಸರಿಯಲ್ಲ.

ನನಗೆ ಈ ಕೆಲಸ ದೂರದ್ದೇನಲ್ಲ. ನಮ್ಮ ಚಿಕ್ಕಪ್ಪ ಕಬ್ಬನ್‌ಪೇಟೆಯಲ್ಲಿ ಬಣ್ಣದ ಕೆಲಸಕ್ಕೆ ಹೋಗುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ಅವರ ಉಗುರು ನೋಡಿದರೆ ಸಾಕು, ಅವತ್ತು ಯಾವ ಲಾಟ್ ಎಂದು ಗೊತ್ತಾಗುತ್ತಿತ್ತು. ಬೀದಿಯ ಚರಂಡಿಯೂ ಅದೇ ಬಣ್ಣ. ಮಕ್ಕಳಾದ ನಮಗೆ ಅದು ಚೆಂದ ಕಾಣುತ್ತಿತ್ತು. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

ನಿಮ್ಮ ಊರಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ನಿಮಗೆ ಗೊತ್ತು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಮೇಲೆ ಹಾದು ಹೆಸರಘಟ್ಟಕ್ಕೆ, ಅಲ್ಲಿಂದ ತಿಪ್ಪಗೊಂಡನಹಳ್ಳಿಗೆ ಇಳಿಯುತ್ತದೆ. 1890ರ ದಶಕದಲ್ಲಿ ಬೆಂಗಳೂರಿನ ನಲ್ಲಿಗೆ ನೀರು ಬಂದದ್ದು ಹೆಸರಘಟ್ಟ ಕೆರೆಯಿಂದ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಅಂದರೆ ನಿಮ್ಮ ಚರಂಡಿಯ ದಾರಿಯಲ್ಲೇ ಬೆಂಗಳೂರು ಒಂದು ಕಾಲಕ್ಕೆ ನೀರು ಕುಡಿದಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹತ್ತಿಯಿಂದ ಶುರುಮಾಡೋಣ.

ಹತ್ತಿ ನೂಲಿಗೆ ರಿಯಾಕ್ಟಿವ್ ಬಣ್ಣ (ನಾರಿನ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುವ ಬಣ್ಣ) ಹಾಕುವಾಗ ಉಪ್ಪು ಯಾಕೆ ಸುರಿಯುತ್ತೀರಿ? ನೀರಲ್ಲಿ ನೆಂದ ಹತ್ತಿಗೂ ಬಣ್ಣಕ್ಕೂ ಒಂದೇ ಥರದ ವಿದ್ಯುತ್ ಅಂಶ ಇರುತ್ತದೆ. ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಮಧ್ಯೆ ನಿಂತು ಆ ಜಗಳ ಬಿಡಿಸುತ್ತದೆ. ಆಗ ಬಣ್ಣ ನೂಲಿನ ಹತ್ತಿರ ಬರುತ್ತದೆ. ಗಾಢ ಬಣ್ಣಕ್ಕೆ ಲೀಟರಿಗೆ ಸುಮಾರು 60 ಗ್ರಾಂ ಉಪ್ಪು ಬೇಕು. ಲಡಿಯನ್ನು ಹಂಡೆಯಲ್ಲಿ ಅದ್ದುವ ನಿಮ್ಮ ಪದ್ಧತಿಯಲ್ಲಿ ಒಂದು ಕೆಜಿ ನೂಲಿಗೆ 20 ಲೀಟರ್ ನೀರು ಹಿಡಿಯಿರಿ. ಲೆಕ್ಕ ಹಾಕಿದರೆ 1,200 ಗ್ರಾಂ ಉಪ್ಪು. ನೂಲಿಗಿಂತ ಉಪ್ಪೇ ಜಾಸ್ತಿ! ಇದರಲ್ಲಿ ಸ್ವಲ್ಪವೂ ಸೀರೆಯ ಜೊತೆ ಹೋಗುವುದಿಲ್ಲ. ಬಣ್ಣವಾದರೂ ಮುಕ್ಕಾಲು ಭಾಗದಷ್ಟು ನೂಲಿಗೆ ಕೂರುತ್ತದೆ. ಉಪ್ಪು ಪೂರ್ತಿ ಚರಂಡಿಗೆ.

ಬಣ್ಣವನ್ನು ಹೇಗೋ ತೆಗೆಯಬಹುದು. ಕರಗಿದ ಉಪ್ಪನ್ನು ತೆಗೆಯುವುದು ಕಷ್ಟ. ಕೊಳಚೆ ನೀರನ್ನು ಶುದ್ಧ ಮಾಡುವ ಮಾಮೂಲಿ ಘಟಕದಲ್ಲಿ ಉಪ್ಪು ಹಾಗೇ ಹಾದು ಹೋಗುತ್ತದೆ. ಅದಕ್ಕೆ ಆರ್‌ಒ ಬೇಕು. ಆರ್‌ಒದಿಂದ ಉಳಿದ ಗಟ್ಟಿ ಉಪ್ಪುನೀರನ್ನು ಕುದಿಸಿ ಆರಿಸಬೇಕು. ಅದಕ್ಕೆ ಕರೆಂಟು, ಸೌದೆ, ದುಡ್ಡು. ಎಂಟು ಹಂಡೆಯವರು ಇದನ್ನು ಒಬ್ಬರೇ ಕಟ್ಟಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಅದು ಬಾಗಿಲು ಹಾಕಿ ಎಂದು ಹೇಳಿದ ಹಾಗೆಯೇ.

ತಿರುಪ್ಪೂರಿನವರು ಇದನ್ನು ತುಂಬಾ ಕಷ್ಟಪಟ್ಟು ಕಲಿತರು. ಅಲ್ಲಿನ ಬಣ್ಣದ ನೀರು ನೊಯ್ಯಲ್ ನದಿಗೆ ಇಳಿದು ಒರತ್ತುಪಾಳಯಂ ಅಣೆಕಟ್ಟಿನಲ್ಲಿ ನಿಂತಿತು. ಕೆಳಗಿನ ರೈತರ ಹೊಲ ಉಪ್ಪಾಯಿತು. ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆ ಊರಿನ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿಸಿತು. ಒಂದು ಹನಿಯೂ ಹೊರಗೆ ಬಿಡಬಾರದು ಎಂದಿತು. ಆಮೇಲೆ ಸರ್ಕಾರ ಬಡ್ಡಿಯಿಲ್ಲದ ಸಾಲ ಕೊಟ್ಟಿತು, ಸಾಮೂಹಿಕ ಶುದ್ಧೀಕರಣ ಘಟಕಗಳು ರಿಪೇರಿಯಾದವು. ಅಲ್ಲಿ ಕಂಡುಕೊಂಡ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಉಪ್ಪುನೀರನ್ನು ಪೂರ್ತಿ ಒಣಗಿಸುವುದು ಯಾಕೆ, ಬಣ್ಣ ತೆಗೆದು ಅದನ್ನೇ ಮತ್ತೆ ಹಂಡೆಗೆ ಕಳಿಸೋಣ ಎಂದು ಯೋಚಿಸಿದರು. ಉಪ್ಪಿನ ಖರ್ಚೂ ಉಳಿಯಿತು, ಕುದಿಸುವ ಖರ್ಚೂ ಕಡಿಮೆಯಾಯಿತು. ಇದು ಒಬ್ಬ ವಿಜ್ಞಾನಿಯ ಕೋಣೆಯಲ್ಲಿ ಆದ ಕೆಲಸ ಅಲ್ಲ. ಬಣ್ಣದವರು, ಎಂಜಿನಿಯರುಗಳು, ಸಾಲ ಕೊಟ್ಟವರು ಒಂದೇ ಟ್ಯಾಂಕಿನ ಸುತ್ತ ನಿಂತು ಮಾಡಿದ್ದು.

ಆದರೆ ತಿರುಪ್ಪೂರನ್ನು ಮಾದರಿ ಎಂದು ನಿಮ್ಮ ಮುಂದೆ ಇಡಲು ನನಗೆ ಮನಸ್ಸು ಬರುವುದಿಲ್ಲ. ಅವರು ಕೂಡಿದ್ದು ಬೀಗ ಬಿದ್ದ ಮೇಲೆ. ಸಾಲ ಹೊತ್ತವರು ಬಣ್ಣದವರು. ಅವರಿಂದ ಬಟ್ಟೆ ಕೊಂಡ ದೊಡ್ಡ ದೊಡ್ಡ ಬ್ರ್ಯಾಂಡುಗಳ ಹೆಸರು ಆ ಸಾಲದ ಪತ್ರದಲ್ಲಿ ಇರಲಿಲ್ಲ. ಸಣ್ಣವರು ಎಷ್ಟೋ ಜನ ಮತ್ತೆ ಬಾಗಿಲು ತೆರೆಯಲೇ ಇಲ್ಲ.

ಹಾಗಾದರೆ ಕೂಡುವುದು ಅಂದರೆ ಏನು? ನನ್ನ ಮಟ್ಟಿಗೆ ಅದಕ್ಕೆ ಒಂದೇ ಪರೀಕ್ಷೆ. ಹೊಸ ವಿಧಾನದಲ್ಲಿ ಮೊದಲ ಲಾಟ್ ಕೆಟ್ಟರೆ ನಷ್ಟ ಯಾರದು? ಪೂರ್ತಿ ನಿಮ್ಮದೇ ಆದರೆ ನೀವು ಯಾರ ಜೊತೆಗೂ ಕೂಡಿಲ್ಲ. ಸುಮ್ನೆ ಸಭೆಗೆ ಹೋಗಿ ಬಂದಿದ್ದೀರಿ ಅಷ್ಟೇ.

ನಮ್ಮ ನಾಡಿನಲ್ಲಿ ಇದು ಸರಿಯಾಗಿ ನಡೆದ ಉದಾಹರಣೆ ಇದೆ. ಬಸವನಗುಡಿ ಕಡೆ ಹೋದವರು ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಕೇಳಿರುತ್ತೀರಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜೆಮ್‌ಷೆಡ್‌ಜಿ ಟಾಟಾ ಜಪಾನಿನಿಂದ ತಿಳಿದವರನ್ನು ಕರೆಸಿ ಅಲ್ಲಿ ರೇಷ್ಮೆ ತೋಟ ಮಾಡಿದ್ದರು. ಈಗ ಹೆಸರು ಮಾತ್ರ ಉಳಿದಿದೆ. ಅದಾಗಿ ಸುಮಾರು ನೂರು ವರ್ಷಕ್ಕೆ, 1991ರಲ್ಲಿ, ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಮತ್ತು ಕೇಂದ್ರ ರೇಷ್ಮೆ ಮಂಡಳಿ ಸೇರಿ ದ್ವಿತಳಿ ರೇಷ್ಮೆಯ, ಅಂದರೆ ವರ್ಷಕ್ಕೆ ಎರಡು ಪೀಳಿಗೆ ಬರುವ ಹುಳುವಿನ ರೇಷ್ಮೆಯ, ಕೆಲಸ ಶುರುಮಾಡಿದವು. ಜಪಾನಿನ ಹುಳು ನಮ್ಮ ಬಿಸಿಲು ತಡೆಯುತ್ತಿರಲಿಲ್ಲ. ಮೈಸೂರಿನ ಸಂಶೋಧನಾ ಸಂಸ್ಥೆಯವರು ಇಲ್ಲಿಗೆ ಒಗ್ಗುವ ತಳಿ ಬೆಳೆಸಿದರು. ಇವತ್ತು ರಾಮನಗರದ ಮಾರುಕಟ್ಟೆಯಲ್ಲಿ ಸಿಎಸ್‌ಆರ್ ಎಂದು ಕೂಗುವ ಬಿಳಿ ಗೂಡು ಅಲ್ಲಿಂದ ಬಂದದ್ದು.

ತಳಿ ಒಂದೇ ಇದ್ದಿದ್ದರೆ ರೈತರು ಮುಟ್ಟುತ್ತಿರಲಿಲ್ಲ. ಎಳೆಯ ಹುಳುವನ್ನು ಮೊದಲ ಎರಡು ಜ್ವರ (ಹುಳು ಪೊರೆ ಬಿಡುವ ಹಂತ) ಕಳೆಯುವವರೆಗೆ ಚಾಕಿ ಕೇಂದ್ರದವರೇ ಸಾಕಿ ಕೊಡುತ್ತಾರೆ. ಹುಳುವಿಗೆ ರೋಗ ಅಂಟುವ ಭಯ ಜಾಸ್ತಿ ಇರುವುದು ಆ ದಿನಗಳಲ್ಲೇ. ಆ ಭಯವನ್ನು ರೈತನ ಮನೆಯಿಂದ ಎತ್ತಿ ಕೇಂದ್ರದ ಮೇಲೆ ಹಾಕಿದರು. ನನಗೆ ತಳಿಗಿಂತ ಇದೇ ದೊಡ್ಡ ಕೆಲಸ ಎನಿಸುತ್ತದೆ.

ಬಣ್ಣದ ಕೆಲಸಕ್ಕೆ ಇನ್ನೂ ಚಾಕಿ ಕೇಂದ್ರ ಹುಟ್ಟಿಲ್ಲ. ನಿಮ್ಮ ತಾಲ್ಲೂಕಿನಲ್ಲೇ ಅದು ಹುಟ್ಟಬಹುದು ಎಂದು ನಾನು ನಂಬಿದ್ದೇನೆ. ಒಂದೇ ಹೊಸ ಬಣ್ಣ, ಕಡಿಮೆ ಉಪ್ಪು ಸಾಕಾಗುವಂಥದ್ದು. ಇಪ್ಪತ್ತು ಶೆಡ್ಡಿನವರು ಇಪ್ಪತ್ತು ಸಲ ಕೆಡಿಸಿಕೊಂಡು ಕಲಿಯಬೇಕೇ? ಒಂದು ಕಡೆ ಚಿಕ್ಕ ಯಂತ್ರದಲ್ಲಿ ಕೆಡಿಸಿ, ನಿಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಸರಿಹೊಂದಿಸಿ, ಪಾಕ ಬರೆದು ಎಲ್ಲರಿಗೂ ಕೊಟ್ಟರೆ ಆಯಿತು. ಕೆಟ್ಟ ನೂಲಿನ ಖರ್ಚಿನಲ್ಲಿ ಕೊಳ್ಳುವವರ ಪಾಲೂ ಇರಬೇಕು. ಬೆಂಗಳೂರಿನಲ್ಲೇ ಕೇಂದ್ರ ರೇಷ್ಮೆ ಮಂಡಳಿಯ ತಾಂತ್ರಿಕ ಸಂಶೋಧನಾ ಸಂಸ್ಥೆ ಇದೆ. ಸಿಲ್ಕ್ ಬೋರ್ಡ್ ಎಂದರೆ ಟ್ರಾಫಿಕ್ ಎಂದು ಮಾತ್ರ ನಮಗೆ ಗೊತ್ತು. ನೂಲಿಗೆ ಸಂಬಂಧಪಟ್ಟ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹೋಗಲು ನಮಗೆ ಒಂದು ಜಾಗ ಇದೆ.

ಇನ್ನು ರೇಷ್ಮೆ. ಇಲ್ಲಿ ನಿಮಗೆ ಸಿಹಿ ಸುದ್ದಿ ಹೇಳಬಹುದು. ಹಸಿ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಸೆರಿಸಿನ್ ಎಂಬ ಗೋಂದು. ಸಾಬೂನು, ಸೋಡಾ ಹಾಕಿ ಕುದಿಸಿ ಅದನ್ನು ತೆಗೆಯುತ್ತೀರಿ. ನೂರು ಕೆಜಿ ರೇಷ್ಮೆಗೆ ಇಪ್ಪತ್ತು, ಇಪ್ಪತ್ತೈದು ಕೆಜಿ ಗೋಂದು ಚರಂಡಿಗೆ ಹೋಯಿತು. ಅದು ಪ್ರೊಟೀನು. ನೀರಲ್ಲಿ ಕೊಳೆತು, ನಾರಿ, ಕೆರೆಯ ಆಮ್ಲಜನಕ ತಿನ್ನುತ್ತದೆ. ಅದೇ ಗೋಂದನ್ನು ಬೇರ್ಪಡಿಸಿ ಒಣಗಿಸಿದರೆ ಮುಖಕ್ಕೆ ಹಚ್ಚುವ ಕ್ರೀಮು, ಕೂದಲಿನ ಶಾಂಪೂ ಮಾಡುವವರು ಕೊಳ್ಳುತ್ತಾರೆ. ಸಾಬೂನು ಸೇರಿದರೆ ಬೇರ್ಪಡಿಸುವುದು ಕಷ್ಟ. ಒತ್ತಡದಲ್ಲಿ ಕಾಯಿಸಿದ ಬರೀ ನೀರಿನಿಂದ ಗೋಂದು ತೆಗೆದರೆ ಸುಲಭ. ಆ ಪಾತ್ರೆ ದುಬಾರಿ. ನಿಮ್ಮ ಒಬ್ಬರ ಗೋಂದು ಒಂದು ಬಕೆಟ್ಟು, ಅದನ್ನು ಕೇಳಿಕೊಂಡು ಯಾವ ವ್ಯಾಪಾರಿಯೂ ಬರುವುದಿಲ್ಲ. ಇಪ್ಪತ್ತು ಜನರದ್ದು ಒಂದು ಟ್ಯಾಂಕು. ಟ್ಯಾಂಕಿಗೆ ಬೆಲೆ ಇದೆ.

ಶಿಡ್ಲಘಟ್ಟದ ರೀಲರುಗಳು ಇಂಥದ್ದನ್ನು ಯಾವತ್ತೋ ಮಾಡಿ ತೋರಿಸಿದ್ದಾರೆ ಅಲ್ವಾ? ನೂಲು ಬಿಚ್ಚಿದ ಮೇಲೆ ಉಳಿಯುವ ಕೋಶದ ಹುಳು ಒಂದು ಮನೆಯಲ್ಲಿ ಬಿದ್ದರೆ ಬರೀ ನಾತ. ಊರೆಲ್ಲದ್ದನ್ನೂ ಒಬ್ಬರು ಬಂದು ಒಯ್ದು ಒಣಗಿಸಿದರೆ ಎಣ್ಣೆ, ಕೋಳಿಗೆ ಮೀನಿಗೆ ಮೇವು.

ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲು ಇತ್ತು. "ಶೇಡ್ ಸರಿಯಿಲ್ಲ ಎಂದು ತಿಂಗಳಿಗೆ ಐದಾರು ಲಾಟ್ ವಾಪಸ್ ಬರುತ್ತದೆ" ಎಂದಿದ್ದೀರಿ. ನನ್ನ ಪ್ರಕಾರ ಮೊದಲು ಕೈ ಹಾಕಬೇಕಾದದ್ದು ಇಲ್ಲೇ. ವಾಪಸ್ ಬಂದ ಲಾಟ್ ಅಂದರೆ ಮತ್ತೊಂದು ಹಂಡೆ ನೀರು, ಮತ್ತೊಂದು ಸಲ ಉಪ್ಪು, ಮತ್ತೊಂದು ಹೊರೆ ಸೌದೆ. ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳುವ ಹೆಂಗಸರು ಅದನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿಯುತ್ತಾರೆ. ಅವರಿಗೆ ಗೊತ್ತು, ಟ್ಯೂಬ್‌ಲೈಟಿನ ಕೆಳಗೆ ಒಂದು ಬಣ್ಣ, ಬಿಸಿಲಲ್ಲಿ ಇನ್ನೊಂದು. ನೀವು ಸಂಜೆ ಶೆಡ್ಡಿನ ಬೆಳಕಲ್ಲಿ ನೋಡಿ ಕಳಿಸುತ್ತೀರಿ. ಕೊಳ್ಳುವವರು ಬೆಳಿಗ್ಗೆ ಕಿಟಕಿ ಪಕ್ಕ ನೋಡಿ ವಾಪಸ್ ಕಳಿಸುತ್ತಾರೆ. ಇಬ್ಬರದ್ದೂ ಸುಳ್ಳಲ್ಲ. ಬಣ್ಣ ಅಳೆಯುವ ಒಂದು ಯಂತ್ರ, ಒಂದೇ ಥರದ ದೀಪದ ಪೆಟ್ಟಿಗೆ, ಇಷ್ಟು ವ್ಯತ್ಯಾಸ ಆದರೂ ತೆಗೆದುಕೊಳ್ಳುತ್ತೇವೆ ಎಂದು ಬರೆದ ಒಂದು ಕಾಗದ. ಇಪ್ಪತ್ತು ಜನಕ್ಕೆ ಒಂದು ಯಂತ್ರ ಸಾಕು. ಕಾಗದಕ್ಕೆ ಮಾತ್ರ ಕೊಳ್ಳುವವರ ಸಹಿ ಬೇಕೇ ಬೇಕು.

ಅವರು ಸಹಿ ಹಾಕುತ್ತಾರಾ ಎಂದು ನೀವು ಕೇಳಬಹುದು. ಒಬ್ಬರು ಕೇಳಿದರೆ ಹಾಕುವುದಿಲ್ಲ. ದೊಡ್ಡವರೂ ಒತ್ತಡ ಬಂದಾಗ ಬದಲಾಗಿದ್ದಾರೆ. 2011ರಲ್ಲಿ ಗ್ರೀನ್‌ಪೀಸ್ ಸಂಸ್ಥೆ ಬಟ್ಟೆ ಬ್ರ್ಯಾಂಡುಗಳ ವಿಷದ ನೀರಿನ ಬಗ್ಗೆ ಜೋರಾಗಿ ದನಿ ಎತ್ತಿತು. ಅದೇ ವರ್ಷ ಪೈಪೋಟಿಯ ಬ್ರ್ಯಾಂಡುಗಳು ಸೇರಿ ಝಡ್‌ಡಿಎಚ್‌ಸಿ ಎಂಬ ಕೂಟ ಮಾಡಿಕೊಂಡವು. ತಯಾರಿಕೆಯಲ್ಲಿ ಬಳಸಬಾರದ ರಾಸಾಯನಿಕಗಳಿಗೆ ಎಲ್ಲರಿಗೂ ಒಂದೇ ಪಟ್ಟಿ ತಂದವು. ಪಟ್ಟಿ ಒಂದಾದದ್ದು ಒಳ್ಳೆಯದೇ. ಆದರೆ ಪಟ್ಟಿ ಹಂಚಿದ ಹಾಗೆ ಖರ್ಚು ಹಂಚಲಿಲ್ಲ. ನಾವು ಕೇಳಬೇಕಾದದ್ದು ಅದನ್ನು. ಬೆಂಗಳೂರಿನಲ್ಲಿ ಬ್ರ್ಯಾಂಡುಗಳ ಕೊಳ್ಳುವ ಆಫೀಸುಗಳಿವೆ, ದೊಡ್ಡ ಸೀರೆ ಅಂಗಡಿಗಳಿವೆ. ಶೇಡ್ ಯಾವುದು ಎಂದು ನಿಮಗೆ ಹೇಳುವವರು ನಿಮ್ಮಿಂದ ನಲವತ್ತು ಕಿಲೋಮೀಟರ್ ದೂರದಲ್ಲಿ ಕೂತಿದ್ದಾರೆ. ನಿಮ್ಮ ಹಂಡೆ ಅವರು ನೋಡಿಲ್ಲ.

ಮಗನ ವಿಷಯ. ನಾನು ಹೇಳುವುದು, ಕಲಿಸಿ. ಆದರೆ ನಿಮಗೆ ಕಲಿಸಿದ ಹಾಗೆ ಬರೀ ಕಣ್ಣಳತೆಯಲ್ಲಿ ಬೇಡ. ಉಪ್ಪು ತೂಗುವುದು, ನೀರಿನ ಗಡಸು ಅಳೆಯುವುದು, ಪ್ರತಿ ಲಾಟಿನ ಪಾಕ ಬರೆದಿಡುವುದು, ಇವನ್ನೂ ಸೇರಿಸಿ ಕಲಿಸಿ. ನಿಮ್ಮ ಕಣ್ಣಿಗೆ ಇರುವ ಬಣ್ಣದ ಜ್ಞಾನ ಯಾವ ಯಂತ್ರಕ್ಕೂ ಇಲ್ಲ. ಅದು ನಿಮ್ಮ ಜೊತೆಗೇ ಮುಗಿದುಹೋದರೆ ನನಗೆ ತುಂಬಾ ಸಂಕಟವಾಗುತ್ತದೆ.

ಒಂದು ಕೆಲಸ ಮಾಡಿ. ನಾಳೆಯಿಂದ ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಎಷ್ಟು ಟ್ಯಾಂಕರ್ ನೀರು, ಎಷ್ಟು ಮೂಟೆ ಉಪ್ಪು, ಎಷ್ಟು ಲಾಟ್, ಅದರಲ್ಲಿ ವಾಪಸ್ ಬಂದದ್ದು ಎಷ್ಟು, ಯಾಕೆ. ಪಕ್ಕದ ಶೆಡ್ಡಿನವರಿಗೂ ಹೇಳಿ. ಐದು ಜನ ಸೇರಿದರೂ ಸಾಕು. ಎರಡು ತಿಂಗಳಾದ ಮೇಲೆ ನಾನೇ ಬರುತ್ತೇನೆ. ಆ ಲೆಕ್ಕವನ್ನು ನಿಮ್ಮ ಹೆಸರಿಲ್ಲದೆ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ. ಅದೇ ಪುಟವನ್ನು ಹಿಡಿದು ನಿಮ್ಮಿಂದ ನೂಲು ಕೊಳ್ಳುವವರ ಆಫೀಸಿಗೆ ನಿಮ್ಮ ಜೊತೆ ನಾನೂ ಬಂದು ಕೂರುತ್ತೇನೆ. ಮಗನನ್ನೂ ಕರೆದುಕೊಂಡು ಬನ್ನಿ. ವಾಪಸ್ ಬಂದ ಲಡಿಗಳಲ್ಲಿ ಒಂದೆರಡನ್ನು ಚೀಲದಲ್ಲಿ ಹಾಕಿಕೊಳ್ಳಿ, ಕಿಟಕಿ ಪಕ್ಕ ಹಿಡಿದು ತೋರಿಸೋಣ.