ನಿಮ್ಮ ಕಥೆಯ ಬಂಡಾಯ ಅಭ್ಯರ್ಥಿಯ ಬಗ್ಗೆ

ಪ್ರಿಯರೇ,

ನಿಮ್ಮ ಕಥೆ ಓದಿದೆವು. ಲೋಕಸಭಾ ಕ್ಷೇತ್ರವನ್ನು ಮಿತ್ರಪಕ್ಷಕ್ಕೆ ಬಿಟ್ಟುಕೊಟ್ಟದ್ದಕ್ಕೆ ಸಿಟ್ಟಾದ ಆಕಾಂಕ್ಷಿ ಪಕ್ಷೇತರನಾಗಿ ನಿಂತು, ಮತದಾನದ ಹಿಂದಿನ ದಿನ ವೇದಿಕೆಯ ಮೇಲೆ ಕಣದಿಂದ ಹಿಂದೆ ಸರಿಯುತ್ತಾನೆ. ವಸ್ತು ಒಳ್ಳೆಯದು, ಮಾತುಕತೆಯಲ್ಲಿ ಕಸುವಿದೆ. ಆದರೂ ಈಗಿನ ರೂಪದಲ್ಲಿ ಪ್ರಕಟಿಸಲಾರೆವು. ಜಗಳವನ್ನೆಲ್ಲ ಭಾಷಣಕ್ಕೆ ತುಂಬಿ, ಟಿಕೆಟ್ ಜಗಳ ನಿಜವಾಗಿ ನಡೆಯುವ ನಾಮಪತ್ರದ ದಿನಗಳನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ.

ಕೊನೆಯ ದೃಶ್ಯ ಹೀಗೆ ನಿಲ್ಲುವುದಿಲ್ಲ. ನಾಮಪತ್ರ ವಾಪಸಾತಿಯ ಗಡುವು ಅದರ ಕೊನೆಯ ದಿನದ ಮಧ್ಯಾಹ್ನ 3 ಗಂಟೆಗೆ ಮುಗಿಯುತ್ತದೆ. ಅಲ್ಲಿಂದ ಮತದಾನಕ್ಕೆ ಕನಿಷ್ಠ 14 ದಿನ. ಆಮೇಲೆ ಆತ ಏನೇ ಘೋಷಿಸಲಿ, ಮತಯಂತ್ರದಲ್ಲಿ ಹೆಸರೂ ಚಿಹ್ನೆಯೂ ಉಳಿಯುತ್ತವೆ, ವೋಟೂ ಬೀಳುತ್ತದೆ. ಹಿಂತೆಗೆದ ನಾಮಪತ್ರವನ್ನು ಮತ್ತೆ ಊರ್ಜಿತಗೊಳಿಸಲೂ ಬರುವುದಿಲ್ಲ. ಹಾಗಾಗಿ ಮನವೊಲಿಕೆ, ಬೆದರಿಕೆ, ವಿಧಾನ ಪರಿಷತ್ತಿನ ಆಸೆ ತೋರಿಸುವುದು ಎಲ್ಲವೂ ಆ 3 ಗಂಟೆಯೊಳಗೆ ನಡೆಯಬೇಕು.

ನಿಮ್ಮ ಕಥೆಗೆ ಇನ್ನೂ ಹೆಚ್ಚು ಒದಗುವುದು ನಾಮಪತ್ರ ಸಲ್ಲಿಕೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ, ಅಂದರೆ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರ, ಸಾಕು. ಪಕ್ಷೇತರನಿಗೆ ಅದೇ ಕ್ಷೇತ್ರದ ಹತ್ತು ಮತದಾರರು ಬೇಕು. ಒಬ್ಬರು ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದು. ಅಂದರೆ ನಿಮ್ಮ ನಾಯಕ ಒಂದನ್ನು ಪಕ್ಷದ ಹೆಸರಿನಲ್ಲಿ, ಇನ್ನೊಂದನ್ನು ಪಕ್ಷೇತರನಾಗಿ ಹಾಕಬಹುದು. ಪಕ್ಷವನ್ನೇ ನಂಬಿ ಒಬ್ಬನೇ ಸೂಚಕನ ಸಹಿ ಹಾಕಿಸಿದವನಿಗೆ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಬಿ ಫಾರಂ (ಈತನೇ ಪಕ್ಷದ ಅಧಿಕೃತ ಅಭ್ಯರ್ಥಿ ಎಂದು ಪಕ್ಷ ಕೊಡುವ ಪತ್ರ) ಬರದಿದ್ದರೆ ಪರಿಶೀಲನೆಯಲ್ಲಿ ನಾಮಪತ್ರ ಬಿದ್ದುಹೋಗುತ್ತದೆ. ಹತ್ತು ಸಹಿ ಮೊದಲೇ ಕೂಡಿಸಿಟ್ಟವನು ಬಂಡಾಯಕ್ಕೆ ಸಿದ್ಧನಾಗಿದ್ದಾನೆಂದು ಊರಿಗೇ ಗೊತ್ತಾಗುತ್ತದೆ. ಆ ಹತ್ತು ಜನ ಯಾರು? ಅವರಲ್ಲಿ ತಾಲ್ಲೂಕು ಪಂಚಾಯಿತಿ ಟಿಕೆಟ್ಟಿನ ಆಸೆಯಿದ್ದವನು ಸಹಿ ಮಾಡುತ್ತಾನೆಯೇ? ಪಾತ್ರಗಳು ಇಲ್ಲಿ ತಾವಾಗಿ ಬಿಚ್ಚಿಕೊಳ್ಳುತ್ತವೆ. ಬಿ ಫಾರಂ ಕೊಟ್ಟ ಮೇಲೂ ಅದೇ ಗಡುವಿನೊಳಗೆ ಪಕ್ಷ ಅದನ್ನು ರದ್ದುಮಾಡಿ ಬೇರೆಯವರಿಗೆ ಕೊಡಬಹುದು ಎಂಬುದನ್ನೂ ನೆನಪಿಡಿ.

ಆತ ಹಿಂದೆ ಸರಿದೊಡನೆ ಮೈತ್ರಿ ಗಟ್ಟಿಯಾಯಿತು ಎಂದು ಬರೆದಿದ್ದೀರಿ. ಇದನ್ನು ಒಪ್ಪುವುದು ಕಷ್ಟ. 2019ರಲ್ಲಿ ಕಾಂಗ್ರೆಸ್ ತುಮಕೂರನ್ನು ಜೆಡಿಎಸ್‌ಗೆ ಬಿಟ್ಟಿತು. ಅಲ್ಲಿನ ಆಗಿನ ಕಾಂಗ್ರೆಸ್ ಸಂಸದ ಮುದ್ದಹನುಮೇಗೌಡರು ನಾಮಪತ್ರ ಹಾಕಿ ಹಿಂತೆಗೆದರು, ಆದರೂ ಮೈತ್ರಿ ಅಭ್ಯರ್ಥಿಯಾಗಿದ್ದ ಜೆಡಿಎಸ್‌ನ ದೇವೇಗೌಡರು ಸೋತರು. ಮಂಡ್ಯದಲ್ಲಿ ಕಾಂಗ್ರೆಸ್ ಟಿಕೆಟ್ ಸಿಗದ ಸುಮಲತಾ ಪಕ್ಷೇತರರಾಗಿ, ಬಿಜೆಪಿಯ ಬೆಂಬಲದೊಂದಿಗೆ, ಮೈತ್ರಿ ಅಭ್ಯರ್ಥಿ ನಿಖಿಲ್ ಕುಮಾರಸ್ವಾಮಿ ವಿರುದ್ಧ 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ನಾಯಕರು ಕೈ ಜೋಡಿಸಿದರೂ, ಪಂಚಾಯಿತಿಯಿಂದ ಡೈರಿ ಚುನಾವಣೆಯವರೆಗೆ ಎದುರಾಳಿಗಳಾಗಿದ್ದ ಕಾರ್ಯಕರ್ತರು ತಿಂಗಳೊಳಗೆ ಒಂದಾಗುವುದಿಲ್ಲ. ಒಳಏಟು ಸದ್ದಿಲ್ಲದೆ ಬೀಳುತ್ತದೆ: ಮನೆಮನೆ ಪ್ರಚಾರಕ್ಕೆ ಜನ ಬರುವುದಿಲ್ಲ, ಬೂತ್ ಏಜೆಂಟ್ ಮಧ್ಯಾಹ್ನಕ್ಕೇ ಎದ್ದು ಹೋಗುತ್ತಾನೆ.

ಹೈಕಮಾಂಡ್ ಬೈಯುವ ಎರಡು ಪುಟ ತೆಗೆಯಿರಿ. ಸಲ್ಲಿಕೆಯ ಕೊನೆಯ ದಿನದ ಬೆಳಿಗ್ಗೆ ಕಥೆ ಶುರುಮಾಡಿ, ವಾಪಸಾತಿಯ 3 ಗಂಟೆಗೆ ಮುಗಿಸಿ. ಚಾಲಕ ಹನುಮಂತನ ಪಾತ್ರವನ್ನು ಮಾತ್ರ ಬಿಡಬೇಡಿ. ಹತ್ತನೇ ಸಹಿ ಅವನದಾಗಬಹುದು. ತಿದ್ದಿ ಕಳಿಸಿ, ಮತ್ತೆ ಓದುತ್ತೇವೆ.

— ಸಂಪಾದಕರು