ಪ್ರತಿಕ್ರಿಯೆ: ಉಳಿದ ಟರ್ಕಿ ಮಾಂಸದ ಬಗ್ಗೆ

ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆಂದು ಗುರುವಾರ ಬೇಯಿಸಿದ ಟರ್ಕಿ ಕೋಳಿ ಇನ್ನೂ ಅರ್ಧ ಉಳಿದಿದ್ದು, ಶನಿವಾರದ ಹೊತ್ತಿಗೆ ಅದರ ವಾಸನೆಯೇ ಬೇಡವೆನಿಸಿದೆ, ಏನು ಮಾಡಲಿ ಎಂದು ಕೇಳಿದ್ದೀರಿ.

ಇದು ನಿಮ್ಮ ನಾಲಿಗೆಯ ದೋಷವಲ್ಲ. ಟರ್ಕಿಯ ಕೊಬ್ಬು ಗಾಳಿಯ ಸಂಪರ್ಕದಿಂದ ಬೇಗ ಕೆಡುವ ಬಗೆಯದಾದ್ದರಿಂದ, ಬೆಂದ ಮಾಂಸವನ್ನು ಫ್ರಿಜ್ಜಿನಲ್ಲಿಟ್ಟು ಮತ್ತೆ ಬಿಸಿ ಮಾಡಿದಾಗ ಒಂದು ಬಗೆಯ ಕಮಟು ವಾಸನೆ ಏಳುತ್ತದೆ. ಮೈಕ್ರೋವೇವಿನಲ್ಲಿ ಬಿಸಿ ಮಾಡಿದ ಎದೆಯ ತುಂಡಂತೂ ಒಣಗಿ ನಾರು ಜಗಿದಂತಾಗುತ್ತದೆ. ತಣ್ಣನೆಯ ಮಾಂಸಕ್ಕೆ ಕ್ರ್ಯಾನ್‌ಬೆರಿ ಎಂಬ ಹುಳಿ ಹಣ್ಣಿನ ಸಾಸ್ ಸವರಿದ ಸ್ಯಾಂಡ್‌ವಿಚ್ ಶುಕ್ರವಾರ ಸೊಗಸು. ಅದೇ ಶನಿವಾರವೂ ಎಂದರೆ ನನಗೂ ಸಾಕೆನಿಸುತ್ತದೆ.

ಅಮೆರಿಕದ ಕೃಷಿ ಇಲಾಖೆಯ ಸಲಹೆಯಂತೆ, ಬೇಯಿಸಿದ 2 ಗಂಟೆಯೊಳಗೆ ಫ್ರಿಜ್ಜಿಗೆ ಸೇರಿದ ಮಾಂಸವನ್ನು 3–4 ದಿನಗಳೊಳಗೆ ಮುಗಿಸಬೇಕು. ಆದ್ದರಿಂದ ಸೋಮವಾರದವರೆಗೆ ಕಾಯದೆ, ಎದೆಯ ಭಾಗವನ್ನು ಬಿಡಿಸಿ, ಸ್ವಲ್ಪ ಗಂಜಿಯಂಥ ಗ್ರೇವಿಯೊಡನೆ ಇಂದೇ ಫ್ರೀಜರಿಗೆ ಹಾಕಿಬಿಡಿ.

ತೊಡೆಯ ಮಾಂಸ ಮೆತ್ತಗಿರುತ್ತದೆ, ಅದನ್ನು ಕೈಯಿಂದಲೇ ಎಳೆಯೆಳೆಯಾಗಿ ಬಿಡಿಸಿಕೊಳ್ಳಿ. ಎಣ್ಣೆಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವನ್ನು ಕೆಂಪಗೆ ಬಾಡಿಸಿ, ಆಗಷ್ಟೇ ಕುಟ್ಟಿದ ಕಾಳುಮೆಣಸು ಉದುರಿಸಿ, ಮಾಂಸವನ್ನು ಕೊನೆಯಲ್ಲಿ ಸೇರಿಸಿ ಒಳಗೆಲ್ಲ ಹಬೆಯಾಡುವಷ್ಟು ಬಿಸಿ ಮಾಡಿದರೆ ಸಾಕು. ಮೊದಲೇ ಬೆಂದದ್ದನ್ನು ಮತ್ತೆ ಬೇಯಿಸಬಾರದು. ಕಮಟು ವಾಸನೆ ಮೆಣಸಿನ ಘಾಟಿನಲ್ಲಿ ಅಡಗಿಹೋಗುತ್ತದೆ.

ಮೂಳೆಗಳನ್ನು ಮಾತ್ರ ದಯವಿಟ್ಟು ಎಸೆಯಬೇಡಿ. ಶುಂಠಿ, ಬೆಳ್ಳುಳ್ಳಿಯೊಡನೆ ಸಣ್ಣ ಉರಿಯಲ್ಲಿ ಮೂರು ಗಂಟೆ ಕುದಿಸಿ ಸೋಸಿದ ರಸಕ್ಕೆ ಮೆಣಸು-ಜೀರಿಗೆ ಪುಡಿ ಹಾಕಿ ಒಗ್ಗರಣೆ ಕೊಟ್ಟರೆ, ನವೆಂಬರಿನ ಚಳಿಗೆ ಬಿಸಿ ಅನ್ನದ ಮೇಲೆ ಸುರಿದುಕೊಳ್ಳಲು ಒಳ್ಳೆಯ ಸಾರಾಗುತ್ತದೆ.